ಹೊಸ ಏರ್ ರೈಫಲ್ ಗಾಳಿ ಬಿಡುತ್ತಿದೆ, ಸರ್ವಿಸ್‌ನವರು ದಿನ ದೂಡುತ್ತಿದ್ದಾರೆ

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಕಬ್ಬು ಬೆಳೆಗಾರ. ಮಗಳು ಬೆಳಗಾವಿಯಲ್ಲಿ ಪಿಯುಸಿ ಓದುತ್ತ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಈ ಸಲ ಕಬ್ಬಿನ ಬಿಲ್ಲು ಬಂದಾಗ ಬೆಳಗಾವಿಯ ಅಂಗಡಿಯೊಂದರಲ್ಲಿ ಒಂದೂವರೆ ಲಕ್ಷ ಕೊಟ್ಟು ಹೊಸ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಸಿಟ್ಟು ಹೊಡೆಯುವ) ರೈಫಲ್ ಕೊಡಿಸಿದೆ. ಮೊದಲ ವಾರದಿಂದಲೇ ಕಿರಿಕಿರಿ. ರಾತ್ರಿ 200 ಬಾರ್ ಗಾಳಿ ತುಂಬಿಸಿಟ್ಟರೆ ಬೆಳಿಗ್ಗೆ 130ಕ್ಕೆ ಇಳಿದಿರುತ್ತದೆ. ಗುಂಡುಗಳೂ ಒಂದು ಕಡೆ ಬೀಳುವುದಿಲ್ಲ. ಅಂಗಡಿಯವರು ಕಂಪನಿಗೆ ಕಳಿಸಿದರು. ಎರಡು ತಿಂಗಳ ಮೇಲೆ ‘ಪರೀಕ್ಷಿಸಲಾಗಿದೆ, ಸರಿ ಇದೆ’ ಎಂಬ ಚೀಟಿಯೊಂದಿಗೆ ವಾಪಸ್ ಬಂತು, ತೊಂದರೆ ಇದ್ದ ಹಾಗೇ ಇದೆ. ಈಗ ಮತ್ತೆ ಕಳಿಸಿ ಅನ್ನುತ್ತಾರೆ. ಒಂದು ವರ್ಷದ ವಾರಂಟಿಯಲ್ಲಿ ಅರ್ಧ ಹೀಗೇ ಕಳೆಯಿತು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಪರಿಚಯದ ಟರ್ನರ್ ಒಬ್ಬರು ‘ಅರ್ಧ ತಾಸಿನ ಕೆಲಸ, ತಂದು ಕೊಡ್ರಿ’ ಅನ್ನುತ್ತಾರೆ. ಬಿಚ್ಚಿಸಲೇ? ಗ್ರಾಹಕ ಆಯೋಗಕ್ಕೆ ಹೋದರೆ ಬಂದೂಕಿನ ವಿಷಯವೆಂದು ಪೊಲೀಸರ ತಾಪತ್ರಯ ಆದೀತೇ? ಬದಲಿ ರೈಫಲ್ ಕೇಳಲೇ, ದುಡ್ಡು ವಾಪಸ್ ಕೇಳಲೇ?

ಉತ್ತರ: ಮೊದಲು ಟರ್ನರ್ ವಿಷಯ ಮುಗಿಸೋಣ. ಕೊಡಬೇಡಿ. ಅವರ ಕೈಗೆಲಸದ ಬಗ್ಗೆ ನನಗೆ ಅನುಮಾನವಿಲ್ಲ. ಉದ್ಯಮಬಾಗದವರು ಲೇತ್ ಮೇಲೆ ಏನು ಬೇಕಾದರೂ ಮಾಡಿಕೊಟ್ಟಾರು. ಆದರೆ ಒಂದು ಸ್ಕ್ರೂ ತಲೆಯ ಮೇಲೆ ಪಾನದ ಗುರುತು ಬಿದ್ದರೆ ಸಾಕು, ‘ಹೊರಗಿನವರು ಬಿಚ್ಚಿದ್ದಾರೆ, ವಾರಂಟಿ ಇಲ್ಲ’ ಎಂದು ಬರೆಯಲು ಕಂಪನಿಗೆ ಕಾರಣ ಸಿಕ್ಕಂತಾಯಿತು. ಅದಕ್ಕಿಂತ ದೊಡ್ಡ ಮಾತು, 200 ಬಾರ್ ಎಂದರೆ ಕಾರಿನ ಟೈರಿನ ಗಾಳಿಗಿಂತ ನೂರು ಪಟ್ಟು ಒತ್ತಡ. ಆ ಸಿಲಿಂಡರಿನ ಥ್ರೆಡ್ ಮೇಲೆ ಟೂಲ್ ಆಡಿಸುವುದು ಯಾರೇ ಮಾಡಿದರೂ ತಪ್ಪು. ಆ ಪರಿಚಯದವರಿಂದ ಆಗಬೇಕಾದ ಬೇರೆ ಕೆಲಸ ಒಂದಿದೆ, ಮುಂದೆ ಹೇಳುತ್ತೇನೆ.

ಈಗ ‘ಸರಿ ಇದೆ’ ಎಂಬ ಚೀಟಿಯ ಕಥೆ. ನಿಮಗೆ ಮೋಸ ಮಾಡಲೆಂದೇ ಹಾಗೆ ಬರೆದರು ಎಂದು ನನಗನ್ನಿಸುವುದಿಲ್ಲ. ಅಂಗಡಿಯವರು ಕಳಿಸುವಾಗ ಜಾಬ್ ಕಾರ್ಡಿನಲ್ಲಿ (ರಿಪೇರಿ ಚೀಟಿಯಲ್ಲಿ) ಬಹುಶಃ ‘ಏರ್ ಲೀಕ್’ ಎಂದಷ್ಟೇ ಬರೆದಿರುತ್ತಾರೆ. ಅಲ್ಲಿನ ಮೆಕ್ಯಾನಿಕ್ ಗಾಳಿ ತುಂಬಿಸಿ, ಒಂದಿಷ್ಟು ಗುಂಡು ಹೊಡೆದು, ಗೇಜ್ ನೋಡಿ, ಪೆಟ್ಟಿಗೆ ಮುಚ್ಚಿರುತ್ತಾನೆ. ಇಡೀ ರಾತ್ರಿಯಲ್ಲಿ 70 ಬಾರ್ ಸೋರುವ ರೈಫಲ್ ಅರ್ಧ ತಾಸಿನಲ್ಲಿ ಮೂರು ನಾಲ್ಕು ಬಾರ್ ಸೋರೀತು. ಆ ಸಣ್ಣ ಗೇಜಿನಲ್ಲಿ ಅದು ಮುಳ್ಳಿನ ದಪ್ಪದಷ್ಟೂ ಇಲ್ಲ. ನಿಧಾನವಾಗಿ ಸೋರುವ ವಸ್ತುವಿಗೆ ನಿಧಾನವಾದ ಪರೀಕ್ಷೆಯೇ ಬೇಕು, ಆ ಪರೀಕ್ಷೆಯನ್ನು ಅವರು ಮಾಡುವಂತೆ ನೀವು ಬರೆದು ಕೇಳಬೇಕು. ಎರಡನೇ ಸಲವೂ ಬರೀ ‘ಲೀಕ್’ ಎಂದು ಬರೆದು ಕಳಿಸಿದರೆ ಎರಡನೇ ಸಲವೂ ‘ಸರಿ ಇದೆ’ ಎಂದೇ ಬರುತ್ತದೆ. ವಾರಂಟಿ ಜಗಳಗಳಲ್ಲಿ ಗ್ರಾಹಕ ಸೋಲುವುದು ಬಹಳ ಸಲ ಇಲ್ಲೇ: ಸಿಟ್ಟು ಬೇಕಾದಷ್ಟು ಇರುತ್ತದೆ, ಅಳತೆ ಇರುವುದಿಲ್ಲ.

ಆದ್ದರಿಂದ ಕಳಿಸುವ ಮೊದಲು ಒಂದು ವಾರ ರೈಫಲ್ ನಿಮ್ಮಲ್ಲೇ ಇರಲಿ.

ಗಾಳಿ ತುಂಬಿಸಿದ ಕೂಡಲೇ ಗೇಜ್ ನೋಡಿ ಬರೆದುಕೊಳ್ಳಬೇಡಿ. ತುಂಬಿಸುವಾಗ ಗಾಳಿ ಬಿಸಿಯಾಗುತ್ತದೆ, ತಣ್ಣಗಾದ ಮೇಲೆ ಒತ್ತಡ ತಾನಾಗಿ ಇಳಿಯುತ್ತದೆ. ಮುಧೋಳದ ಮಧ್ಯಾಹ್ನದ 40 ಡಿಗ್ರಿಯಲ್ಲಿ 200 ಬಾರ್ ತುಂಬಿಸಿ ಬೆಳಗಾವಿಯ 20 ಡಿಗ್ರಿಯ ಬೆಳಗಿನಲ್ಲಿ ನೋಡಿದರೆ, ಒಂದು ಗುಳ್ಳೆ ಗಾಳಿ ಸೋರದಿದ್ದರೂ ಗೇಜ್ 187ರ ಆಸುಪಾಸು ತೋರಿಸುತ್ತದೆ. ಹತ್ತು ಹನ್ನೆರಡು ಬಾರ್ ಇಳಿತವನ್ನೇ ದೊಡ್ಡದು ಮಾಡಿ ದೂರು ಕೊಟ್ಟರೆ ಅವರು ಇದೇ ಲೆಕ್ಕವನ್ನು ನಿಮಗೆ ಒಪ್ಪಿಸುತ್ತಾರೆ. ನಿಮ್ಮ 70 ಬಾರ್ ಇಳಿತಕ್ಕೆ ಮಾತ್ರ ಯಾವ ಹವಾಮಾನವೂ ಸಬೂಬಲ್ಲ. ಆದರೂ ತುಂಬಿಸಿ ಒಂದು ತಾಸು ಬಿಟ್ಟು ಮೊದಲ ಅಂಕಿ ಬರೆಯಿರಿ. ರಾತ್ರಿ ಎಂಟಕ್ಕೆ ಒಂದು, ಬೆಳಿಗ್ಗೆ ಎಂಟಕ್ಕೆ ಒಂದು, ಪ್ರತಿಸಲ ಗೇಜ್ ಮತ್ತು ಗೋಡೆ ಗಡಿಯಾರ ಎರಡೂ ಕಾಣುವಂತೆ ಮೊಬೈಲಿನಲ್ಲಿ ಫೋಟೋ.

ನಿಮ್ಮ ರೈಫಲ್‌ನ ಸಿಲಿಂಡರ್ ಕೈಯಿಂದ ತಿರುಗಿಸಿ ತೆಗೆಯುವಂಥದ್ದಾದರೆ ಕೆಲಸ ಇನ್ನೂ ಸುಲಭ. ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ, ಗೇಜ್ ಸಿಲಿಂಡರಿನ ತುದಿಯಲ್ಲೇ ಕೂತಿರುತ್ತದೆ. ತೆಗೆದಾಗ ಸಿಲಿಂಡರಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಒಂದು ರಾತ್ರಿ ಸಿಲಿಂಡರನ್ನು ಬಿಡಿಯಾಗಿ ಇಡಿ, ಮರುರಾತ್ರಿ ರೈಫಲ್‌ಗೆ ಕೂಡಿಸಿ ಇಡಿ. ಬಿಡಿಯಾಗಿದ್ದಾಗಲೂ ಇಳಿದರೆ ಸಿಲಿಂಡರಿನ ದೋಷ. ಬಿಡಿಯಾಗಿದ್ದಾಗ ಗಟ್ಟಿ ನಿಂತು, ಕೂಡಿಸಿದಾಗ ಮಾತ್ರ ಇಳಿದರೆ ದೋಷ ರೈಫಲ್ ಕಡೆಯದು: ಜೋಡಣೆಯ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಉಂಗುರ), ರೆಗ್ಯುಲೇಟರ್ ಅಥವಾ ಮುಖ್ಯ ವಾಲ್ವ್. ಈ ಒಂದು ವಾಕ್ಯ ಜಾಬ್ ಕಾರ್ಡ್ ಮೇಲೆ ಇದ್ದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ನೀವೇ ಮಾಡಿದಂತೆ.

ಇನ್ನೂ ಹತ್ತಿರ ಹೋಗಬೇಕೆಂದರೆ ಪಾತ್ರೆ ತಿಕ್ಕುವ ಲಿಕ್ವಿಡ್ ಅನ್ನು ಸ್ವಲ್ಪ ನೀರಿಗೆ ಬೆರೆಸಿ, ಸಣ್ಣ ಬ್ರಷ್‌ನಿಂದ ಗೇಜಿನ ಬುಡಕ್ಕೆ ಮತ್ತು ಗಾಳಿ ತುಂಬುವ ಬಾಯಿಗೆ ಹಚ್ಚಿ. ತಕ್ಷಣ ಏನೂ ಕಾಣುವುದಿಲ್ಲ. ಐದು ನಿಮಿಷ ಸುಮ್ಮನೆ ನೋಡುತ್ತ ಕೂತರೆ, ಗೇಜಿನ ಬುಡದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಬಿಳಿ ಗುಳ್ಳೆಗಳು ಒಂದರ ಪಕ್ಕ ಒಂದು ಸೇರಿ ನೊರೆಯ ಉಂಗುರ ಕಟ್ಟುತ್ತವೆ. ಕಟ್ಟಿದ್ದನ್ನು ಒರೆಸದೆ ವಿಡಿಯೋ ಮಾಡಿ, ನಂತರ ಒಣಬಟ್ಟೆಯಿಂದ ಒರೆಸಿ. ಅಲ್ಲೆಲ್ಲೂ ಗುಳ್ಳೆ ಬರದಿದ್ದರೆ ಗಾಳಿ ಬ್ಯಾರಲ್ (ನಳಿಕೆ) ಮೂಲಕ ಹೋಗುತ್ತಿರಬಹುದು. ರೈಫಲ್‌ನಲ್ಲಿ ಪೆಲೆಟ್ (ಗುಂಡು) ಇಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಕಾಕ್ ಮಾಡದೆ (ಹೊಡೆಯಲು ಸಜ್ಜು ಮಾಡದೆ), ಪೆಲೆಟ್ ಹಾಕುವ ಬಾಯಿಯಾದ ಬ್ರೀಚ್ ಮುಚ್ಚಿ, ಬ್ಯಾರಲ್ ಬಾಯಿಗೆ ಮಕ್ಕಳ ಬಲೂನು ಸಿಕ್ಕಿಸಿ ಇಡಿ. ಬೆಳಗಾಗುವಷ್ಟರಲ್ಲಿ ಬಲೂನು ಉಬ್ಬಿದ್ದರೆ ಮುಖ್ಯ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಸದ್ದು ಕೇಳೋಣವೆಂದು ಬ್ಯಾರಲ್‌ಗೆ ಕಿವಿ ಹಚ್ಚುವವರನ್ನು ನೋಡಿದ್ದೇನೆ, ಆ ಸಾಹಸ ಬೇಡ.

ಈಗ ಉದ್ಯಮಬಾಗದ ಪರಿಚಯದವರ ಕೆಲಸ. ಆ ಭಾಗದಲ್ಲಿ ಹೈಡ್ರಾಲಿಕ್ಸ್ ಕೆಲಸದವರು ಬಹಳ ಜನ, ಅವರಲ್ಲಿ ಕ್ಯಾಲಿಬ್ರೇಟ್ ಮಾಡಿದ ಒತ್ತಡದ ಗೇಜ್ ಇರುತ್ತದೆ. ನೀವು ತುಂಬಿಸುವ ಪಂಪಿನ ಗೇಜನ್ನು ಅದರೊಂದಿಗೆ ಹೋಲಿಸಿ ಕೊಡಲು ಕೇಳಿ. ನಿಮ್ಮ ಗೇಜ್ ನಿಜ ಹೇಳುತ್ತಿದೆ ಎಂಬ ಒಂದು ಕಾಗದ ಕೈಯಲ್ಲಿದ್ದರೆ ‘ನಿಮ್ಮ ಗೇಜೇ ಸರಿಯಿಲ್ಲ’ ಎಂಬ ಮಾತಿಗೆ ಜಾಗವಿರುವುದಿಲ್ಲ.

ಗುಂಡು ಚದುರುವುದು ಇನ್ನೊಂದು ವಿಷಯ. ಇದನ್ನು ಸೋರಿಕೆಯ ಜೊತೆ ಕಲಸಬೇಡಿ. ಸಿಲಿಂಡರಿನ ಗಾಳಿ ನೇರವಾಗಿ ಪೆಲೆಟ್‌ಗೆ ಹೋಗುವುದಿಲ್ಲ, ನಡುವೆ ರೆಗ್ಯುಲೇಟರ್ ಇರುತ್ತದೆ. ಸಿಲಿಂಡರಿನಲ್ಲಿ 200 ಇರಲಿ 120 ಇರಲಿ, ಪ್ರತಿ ಗುಂಡಿಗೂ ಅದು ಒಂದೇ ಅಳತೆಯ ಒತ್ತಡ ಕೊಡಬೇಕು. ರೆಗ್ಯುಲೇಟರಿನ ಸೀಟ್ ಕೆಟ್ಟಿದ್ದರೆ ರೈಫಲ್ ಸುಮ್ಮನೆ ಇದ್ದಾಗ ಒಳಗೆ ಒತ್ತಡ ಮೆಲ್ಲಗೆ ಏರುತ್ತದೆ. ಆಗ ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಗುಂಡಿನ ವೇಗ ಬದಲಾಗಿ ಅದು ಬೇರೆ ಕಡೆ ಬೀಳುತ್ತದೆ, ಆಮೇಲಿನವು ಒಂದೆಡೆ ಸೇರುತ್ತವೆ. ಮಗಳ ಗುಂಡು ಚದುರುವುದರಲ್ಲಿ ಈ ಕ್ರಮ ಇದೆಯೇ ನೋಡಿ. ಕ್ರಮವೇ ಇಲ್ಲದೆ ಎಲ್ಲ ಕಡೆ ಹೋಗುತ್ತಿದ್ದರೆ ಮೊದಲು ಸೈಟ್ (ಗುರಿ ನೋಡುವ ಕಣ್ಣು) ಮತ್ತು ಸ್ಟಾಕ್ (ಭುಜಕ್ಕೆ ಆನಿಸುವ ಹಿಡಿಕೆ) ಸ್ಕ್ರೂಗಳು ಕೊರಿಯರ್ ಪ್ರಯಾಣದಲ್ಲಿ ಸಡಿಲಾಗಿವೆಯೇ ನೋಡಬೇಕು. ಬರೀ ಅದರಿಂದಲೇ ವಾಸಿಯಾದ ‘ದೋಷ’ಗಳು ಬೇಕಾದಷ್ಟು.

ಇಲ್ಲಿ ಅಂಗಡಿಯವರು ಹೇಳುವ ಮಾತು ಗೊತ್ತೇ ಇದೆ: ‘ರೈಫಲ್ ಚಲೋ ಐತ್ರಿ, ಹುಡುಗಿ ಕೈ ಇನ್ನೂ ಕುಂತಿಲ್ಲ.’ ಈ ಮಾತಿಗೆ ಬಾಯಲ್ಲಿ ಉತ್ತರ ಕೊಡಬೇಡಿ. ಕೋಚ್‌ಗೆ ಹೇಳಿ ರೈಫಲನ್ನು ಬೆಂಚ್ ವೈಸ್‌ನಲ್ಲಿ ರಬ್ಬರ್ ಅಥವಾ ಮರದ ತುಂಡುಗಳ ನಡುವೆ ಹಿಡಿಸಿ, 10 ಮೀಟರ್‌ಗೆ ಹತ್ತು ಹತ್ತು ಗುಂಡಿನ ಐದು ಗುಂಪು ಹೊಡೆಸಿ. ಎರಡು ಬಗೆಯ ಮ್ಯಾಚ್ ಪೆಲೆಟ್ ಬಳಸಿ, ಒಂದು 4.49 ಮತ್ತು ಇನ್ನೊಂದು 4.50 ಮಿಲಿಮೀಟರಿನದು. ಲೆಕ್ಕ ಸರಳ. ಗುರಿಯ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್ ಅಗಲ, ನಾಲ್ಕೂವರೆ ಮಿಲಿಮೀಟರಿನ ಪೆಲೆಟ್ ಅದರ ಅಂಚನ್ನು ಮುಟ್ಟಿದರೆ ಹತ್ತು ಅಂಕ. ಅಂದರೆ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಒಂಬತ್ತೂವರೆ ಮಿಲಿಮೀಟರ್ ಮೀರಿದರೆ, ವೈಸ್‌ನಲ್ಲಿಟ್ಟರೂ ಎಲ್ಲ ಗುಂಡೂ ಹತ್ತಾಗಲು ಸಾಧ್ಯವಿಲ್ಲ. ಒಳ್ಳೆಯ ಮ್ಯಾಚ್ ರೈಫಲ್ ವೈಸ್‌ನಲ್ಲಿ ಹೆಚ್ಚುಕಡಿಮೆ ಒಂದೇ ರಂಧ್ರ ಮಾಡುತ್ತದೆ. ಮ್ಯಾಚ್ ರೈಫಲ್‌ಗಳ ಪೆಟ್ಟಿಗೆಯಲ್ಲಿ ಕಾರ್ಖಾನೆಯಲ್ಲಿ ಹೊಡೆದ ಟೆಸ್ಟ್ ಕಾರ್ಡ್ ಸಾಮಾನ್ಯವಾಗಿ ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಅದರ ಪಕ್ಕ ನಿಮ್ಮ ಕಾಗದ ಇಟ್ಟು ಫೋಟೋ ತೆಗೆಯಿರಿ. ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕರೆ ಹತ್ತು ಗುಂಡಿನ ವೇಗವನ್ನೂ ಬರೆದುಕೊಳ್ಳಿ. ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲಿ ಎರಡು ಮೂರು ಮೀಟರ್ ಏರಿಳಿತ ಇರಲಿ, ಹತ್ತು ಹದಿನೈದು ಇದ್ದರೆ ರೆಗ್ಯುಲೇಟರ್ ಕೆಲಸ ಮಾಡುತ್ತಿಲ್ಲ.

ಸಿಲಿಂಡರ್ ಮೇಲೆ ತಯಾರಿಕೆಯ ತಿಂಗಳು, ವರ್ಷ ಒತ್ತಿರುತ್ತಾರೆ, ಅದನ್ನು ಈಗಲೇ ಓದಿ. ಇಂಥ ಸಿಲಿಂಡರುಗಳ ಬಾಳಿಕೆ ಸಾಮಾನ್ಯವಾಗಿ ಹತ್ತು ವರ್ಷ ಎಂದು ತಯಾರಕರೇ ಹೇಳುತ್ತಾರೆ. ಸ್ಪರ್ಧೆಗಳಲ್ಲಿ ಅವಧಿ ಮೀರದ ಸಿಲಿಂಡರ್ ಬಳಸುವ ಹೊಣೆ ಶೂಟರ್‌ನದೇ. ಬಿಲ್ಲಿನಲ್ಲಿ ‘ಹೊಸದು’ ಎಂದಿದ್ದು ಸಿಲಿಂಡರ್ ನಾಲ್ಕೈದು ವರ್ಷ ಗೋದಾಮಿನಲ್ಲಿ ಕೂತಿದ್ದು ಎಂದಾದರೆ ನಿಮ್ಮ ದೂರಿಗೆ ಮತ್ತೊಂದು ಕಾಲು ಬಂದಂತೆ. ಒಣಗಿದ ಓ-ರಿಂಗ್ ಸೋರುವುದು ಸಹಜ.

ಅವರು ನಿಮ್ಮ ಮೇಲೆ ಹಾಕಬಹುದಾದ ಒಂದು ಆರೋಪಕ್ಕೆ ಮೊದಲೇ ತಯಾರಾಗಿರಿ: ‘ಸಿಲಿಂಡರಿನಲ್ಲಿ ನೀರು ಸೇರಿದೆ.’ ಬೆಳಗಾವಿಯ ಮಳೆಗಾಲದಲ್ಲಿ ಕೈಪಂಪಿನಿಂದ ತುಂಬಿಸಿದರೆ ತೇವಾಂಶ ಒಳಗೆ ಹೋಗುವುದು ನಿಜ. ಪಂಪಿಗೆ ತೇವ ಹೀರುವ ಫಿಲ್ಟರ್ ಇದೆಯೇ, ನಡುನಡುವೆ ನಿಲ್ಲಿಸಿ ನೀರು ಹೊರಬಿಡುತ್ತೀರೇ ಎಂಬುದನ್ನು ಬರೆದಿಡಿ. ರೇಂಜಿನಲ್ಲಿ ಒಣಗಾಳಿಯ ದೊಡ್ಡ ಸಿಲಿಂಡರ್ ಇದ್ದರೆ ಅದರಿಂದಲೇ ತುಂಬಿಸಿ. ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳಲೇಬೇಕು, ಯಾಕೆಂದರೆ ನಮ್ಮ ತಾಲ್ಲೂಕು ಊರುಗಳಲ್ಲಿ ಈ ಸಲಹೆ ಕೊಡುವವರಿದ್ದಾರೆ: ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರಿನಿಂದ ಎಂದಿಗೂ ತುಂಬಿಸಬೇಡಿ. ಹೆಚ್ಚಿನ ಒತ್ತಡದ ಆಕ್ಸಿಜನ್‌ಗೆ ಒಂದು ಹನಿ ಎಣ್ಣೆ ಅಥವಾ ಗ್ರೀಸ್ ಸಿಕ್ಕರೆ ಸಾಕು, ರೈಫಲ್ ಕೈಯಲ್ಲೇ ಸಿಡಿಯುತ್ತದೆ. ಹೊಲಿಗೆ ಮೆಷಿನ್ ಎಣ್ಣೆಯನ್ನು ವಾಲ್ವಿಗೆ ಬಿಡುವುದೂ ಬೇಡ.

ಇಷ್ಟಾದ ಮೇಲೆ ಕಳಿಸಿ. ಕಳಿಸುವಾಗ ಸಿಲಿಂಡರ್ ಪೂರ್ತಿ ಖಾಲಿ ಮಾಡಿ, ತುಂಬಿದ್ದನ್ನು ಕೊರಿಯರ್‌ಗೆ ಹಾಕುವಂತಿಲ್ಲ. ಪ್ಯಾಕ್ ಮಾಡುವ ಮೊದಲು ಸೀರಿಯಲ್ ನಂಬರ್, ಸ್ಕ್ರೂಗಳ ತಲೆ, ಸಿಲಿಂಡರಿನ ಮುದ್ರೆ ಎಲ್ಲದರ ಫೋಟೋ ಇರಲಿ. ವಾಪಸ್ ಬಂದ ಪೆಟ್ಟಿಗೆ ಒಡೆಯುವುದನ್ನೂ ವಿಡಿಯೋ ಮಾಡಿ. ಅಂಗಡಿಯವರ ಕೈಗೆ ಕೊಟ್ಟು ‘ಆಯ್ತ್ರಿ, ಫೋನ್ ಮಾಡ್ತೀವಿ’ ಎಂಬ ಮಾತಿಗೆ ತೃಪ್ತರಾಗಿ ಬರಬೇಡಿ, ತಾರೀಕು ಇರುವ ರಸೀದಿ ಪಡೆಯಿರಿ. ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅದೇ ದಿನ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ‘ಇವತ್ತು ತಾವು ಹೀಗೆ ಹೇಳಿದಿರಿ’ ಎಂದು ಬರೆದು ಕಳಿಸಿ. ಅಂಗಡಿಗೂ ಕಂಪನಿಗೂ ಒಂದೇ ಪತ್ರ ಹೋಗಲಿ, ಇಲ್ಲದಿದ್ದರೆ ಅವರು ಇವರ ಮೇಲೆ, ಇವರು ಅವರ ಮೇಲೆ ಹಾಕುತ್ತಲೇ ವಾರಂಟಿ ಮುಗಿಸುತ್ತಾರೆ. ಪತ್ರ ಉದ್ದ ಬೇಡ, ಹೀಗಿದ್ದರೆ ಸಾಕು:

‘ಇಂಥ ತಾರೀಕು, ಇಂಥ ಬಿಲ್ ನಂಬರಿನಲ್ಲಿ ಕೊಂಡ, ಇಂಥ ಸೀರಿಯಲ್ ನಂಬರಿನ ರೈಫಲ್ ಮೊದಲ ವಾರದಿಂದ ದೋಷ ತೋರಿಸುತ್ತಿದೆ. 12 ತಾಸಿನಲ್ಲಿ ಒತ್ತಡ ಇಷ್ಟರಿಂದ ಇಷ್ಟಕ್ಕೆ ಇಳಿಯುತ್ತದೆ, ದಿನವಾರು ಅಂಕಿ ಮತ್ತು ಫೋಟೋ ಲಗತ್ತಿಸಿದೆ. ವೈಸ್‌ನಲ್ಲಿ ಹೊಡೆದ ಐದು ಗುಂಪುಗಳ ಅಳತೆ ಲಗತ್ತಿಸಿದೆ. ಮೊದಲ ರಿಪೇರಿಗೆ ಇಂಥ ದಿನ ಕೊಟ್ಟು ಇಂಥ ದಿನ ಪಡೆದೆ, ದೋಷ ಹೋಗಿಲ್ಲ. ಈ ಸಲ ಕನಿಷ್ಠ 24 ತಾಸು ಒತ್ತಡದಲ್ಲಿಟ್ಟು ಪರೀಕ್ಷಿಸಿ, ಬದಲಿಸಿದ ಭಾಗಗಳ ಹೆಸರು ಮತ್ತು ಪರೀಕ್ಷೆಯ ಅಂಕಿ ಲಿಖಿತವಾಗಿ ಕೊಡಿ. ರಿಪೇರಿಯಲ್ಲಿ ಕಳೆದ ದಿನಗಳನ್ನು ವಾರಂಟಿಗೆ ಸೇರಿಸಿ. 30 ದಿನದೊಳಗೆ ದೋಷ ಸರಿಪಡಿಸದಿದ್ದರೆ ಬದಲಿ ರೈಫಲ್ ಅಥವಾ ಪೂರ್ಣ ಹಣ ಕೇಳಿ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.’

ಬೈಗುಳ ಬೇಡ, ಮಗಳ ಭವಿಷ್ಯದ ಮಾತೂ ಬೇಡ. ಈ ಪತ್ರವನ್ನು ನಾಳೆ ಆಯೋಗದವರು ಓದುವರೆಂದೇ ಬರೆಯಿರಿ.

30 ದಿನ ಕಳೆದೂ ಏನೂ ಆಗದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಕನ್ನಡದಲ್ಲೇ ಮಾತಾಡಬಹುದು. ಅದು ಕೋರ್ಟಲ್ಲ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆದರೂ ಕಂಪನಿಯ ಕಚೇರಿಯಲ್ಲಿ ಕಡತ ಮೇಜಿನಿಂದ ಮೇಜಿಗೆ ಸರಿಯಲು ಇದು ಎಷ್ಟೋ ಸಲ ಸಾಕಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿಮಗೆ ಅನುಕೂಲವಾದ ಬದಲಾವಣೆ ಒಂದಿದೆ: ದೂರುದಾರ ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಅಂದರೆ ಅಂಗಡಿ ಇರುವ ಬೆಳಗಾವಿಯಾದರೂ ಆದೀತು, ನಿಮ್ಮ ಜಿಲ್ಲೆಯ ಬಾಗಲಕೋಟೆಯಾದರೂ ಆದೀತು. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವುದೋ ದೂರದ ಊರಿನ ನ್ಯಾಯಾಲಯದ ಹೆಸರು ಮುದ್ರಿಸಿದ್ದಾರೆಂದು ಅಲ್ಲಿಗೆ ಓಡಬೇಕಿಲ್ಲ. ‘ಒಮ್ಮೆ ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಎಂಬ ಸಾಲೂ ದೋಷವಿರುವ ಮಾಲಿಗೆ ನಡೆಯದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಎರಡು ವರ್ಷದೊಳಗೆ ಸಲ್ಲಿಸಬೇಕು ಅಷ್ಟೆ.

ಎದುರುದಾರರು 30 ದಿನದಲ್ಲಿ, ತಪ್ಪಿದರೆ ಮತ್ತೆ 15 ದಿನದಲ್ಲಿ ಉತ್ತರ ಕೊಡಲೇಬೇಕು. ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾದಾಗ ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಎಳೆಯುತ್ತದೆ, ಆ ಸಿದ್ಧತೆ ಇರಲಿ. ಪರೀಕ್ಷೆಯ ಖರ್ಚನ್ನು ಮೊದಲು ನಿಮ್ಮಿಂದಲೇ ಕಟ್ಟಿಸಬಹುದು. ಏರ್ ರೈಫಲ್ ಪರೀಕ್ಷಿಸುವ ಲ್ಯಾಬ್ ಓಣಿಗೊಂದು ಇರುವುದಿಲ್ಲ, ಹಾಗಾಗಿ ಕೋಚ್ ಅವರ ಪ್ರಮಾಣಪತ್ರ, ಗೇಜಿನ ಕಾಗದ, ನಿಮ್ಮ ಫೋಟೋಗಳಿಗೆ ಹೆಚ್ಚು ತೂಕ ಬರುತ್ತದೆ. ಒಂದು ವಿಷಯ ಈಗಲೇ ನೋಡಿಕೊಳ್ಳಿ: ಬಿಲ್ ಯಾರ ಹೆಸರಿನಲ್ಲಿದೆ? ರಿಯಾಯಿತಿ ಸಿಗುತ್ತದೆಂದು ಕೋಚ್ ಅಥವಾ ಅಕಾಡೆಮಿ ಹೆಸರಿನಲ್ಲಿ ಬಿಲ್ ಮಾಡಿಸುವ ರೂಢಿ ಇದೆ. ಹಾಗಿದ್ದರೆ ‘ನೀವು ನಮ್ಮ ಗ್ರಾಹಕರೇ ಅಲ್ಲ, ಇದು ವ್ಯಾಪಾರಕ್ಕೆ ಕೊಂಡದ್ದು’ ಎಂಬ ವಾದ ಬರುತ್ತದೆ. ನಿಮ್ಮ ಖಾತೆಯಿಂದ ಹಣ ಹೋದ ದಾಖಲೆಯನ್ನೂ ಕೋಚ್‌ರಿಂದ ಒಂದು ಬರಹವನ್ನೂ ಜೋಡಿಸಿ ಇಟ್ಟುಕೊಳ್ಳಿ.

ಪೊಲೀಸರ ಭಯ ಬೇಡ. ನಳಿಕೆಯ ಒಳ ಅಗಲ 0.177 ಇಂಚು ಮೀರದ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. 10 ಮೀಟರ್ ಮ್ಯಾಚ್ ರೈಫಲ್ ಏಳೆಂಟು ಜೂಲ್‌ನದು. ಊರಿಂದ ಊರಿಗೆ ಒಯ್ಯುವಾಗ ಪೆಟ್ಟಿಗೆಯಲ್ಲಿಟ್ಟು, ಬಿಲ್ ಮತ್ತು ಮಗಳ ಗುರುತಿನ ಚೀಟಿ ಜೊತೆಗಿರಲಿ. ಸರ್ವಿಸ್‌ನವರು ‘ಸ್ಪ್ರಿಂಗ್ ಬಿಗಿ ಮಾಡಿ ಪವರ್ ಏರಿಸಿಕೊಡ್ತೀವಿ, ಎಲ್ಲ ಸರಿಹೋಗ್ತದ’ ಎಂದರೆ ಒಪ್ಪಬೇಡಿ. ಸೋರಿಕೆಗೆ ಅದು ಮದ್ದಲ್ಲ, ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕಾಗುತ್ತದೆ. ಬೆಳೆಗೆ ಹಂದಿ ಕಾಟವೆಂದು 0.22 ಅಥವಾ 0.315 ಲೈಸೆನ್ಸ್ ರೈಫಲ್ ಇಟ್ಟುಕೊಂಡವರು ಈ ಉತ್ತರದ ಕೊರಿಯರ್ ಭಾಗವನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಬಂದೂಕಿನ ರಿಪೇರಿಗೂ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇರಬೇಕು, ಅಂಥ ಡೀಲರ್ ಬಳಿಗೇ ಒಯ್ಯಬೇಕು. ಗ್ರಾಹಕ ಕಾಯ್ದೆ ಮಾತ್ರ ಅವರಿಗೂ ಒಂದೇ.

ರೈಫಲ್ ಇಲ್ಲದ ದಿನಗಳಲ್ಲಿ ಮಗಳ ಅಭ್ಯಾಸ ನಿಲ್ಲಬಾರದು. ಕ್ಲಬ್ಬಿನ ರೈಫಲ್‌ನಲ್ಲಿ ಹೋಲ್ಡಿಂಗ್ (ಗುರಿ ಹಿಡಿದು ನಿಲ್ಲುವುದು) ಮತ್ತು ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯುವುದು) ಮಾಡಲಿ. ಪತ್ರದಲ್ಲಿ ತಾತ್ಕಾಲಿಕ ರೈಫಲ್ ಒಂದನ್ನೂ ಕೇಳಿ, ಕೇಳಿದವರಿಗೆ ಕೊಟ್ಟ ಉದಾಹರಣೆಗಳಿವೆ. ಸ್ಪರ್ಧೆ ಹತ್ತಿರವಿದ್ದರೆ ಎರವಲು ರೈಫಲ್‌ನಲ್ಲೇ ಹೊಡೆಯುವುದೆಂದು ಈಗಲೇ ತೀರ್ಮಾನಿಸಿ. ಕೊನೆಯ ವಾರದಲ್ಲಿ ರಿಪೇರಿಯಾಗಿ ಬಂದ ರೈಫಲ್ ಹಿಡಿದು ಹೋಗುವುದು ಅದಕ್ಕಿಂತ ಕೆಟ್ಟದ್ದು.

ಬದಲಿಯೋ ಹಣವೋ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಹೀಗಿದೆ. ದೋಷ ಬಿಡಿ ಸಿಲಿಂಡರಿನದೆಂದು ನಿಮ್ಮ ಪರೀಕ್ಷೆಯಲ್ಲಿ ಗೊತ್ತಾದರೆ, ಇಡೀ ರೈಫಲ್‌ಗಾಗಿ ಹೋರಾಡಬೇಡಿ. ಇತ್ತೀಚಿನ ತಾರೀಕಿನ ಹೊಸ ಸಿಲಿಂಡರ್ ಕೇಳಿ ಮುಗಿಸಿ. ವಾಲ್ವ್ ಅಥವಾ ರೆಗ್ಯುಲೇಟರಿನದಾದರೆ ಇನ್ನೊಂದೇ ರಿಪೇರಿಗೆ ಅವಕಾಶ ಕೊಡಿ, ಅದಕ್ಕೂ ಬಗ್ಗದಿದ್ದರೆ ಬದಲಿ ರೈಫಲ್. ಸೋರಿಕೆ ಸರಿಹೋಗಿಯೂ ವೈಸ್‌ನಲ್ಲಿ ಗುಂಪು ಕೂಡದಿದ್ದರೆ ಬ್ಯಾರಲ್ ಮೇಲೆ ಅನುಮಾನ, ಆಗ ಹಣ ವಾಪಸ್ ಕೇಳಿ ಬೇರೆ ರೈಫಲ್ ನೋಡುವುದು ಒಳ್ಳೆಯದು. ಬದಲಿ ಕೊಟ್ಟರೆ ಪೆಟ್ಟಿಗೆಯ ಸೀಲ್, ಹೊಸ ಸೀರಿಯಲ್ ನಂಬರ್, ಅದೇ ನಂಬರಿನ ಟೆಸ್ಟ್ ಕಾರ್ಡ್, ಸಿಲಿಂಡರಿನ ತಾರೀಕು ನಾಲ್ಕನ್ನೂ ಅಂಗಡಿಯಲ್ಲೇ ನೋಡಿ. ವಾರಂಟಿ ಆ ದಿನದಿಂದ ಮತ್ತೆ ಒಂದು ವರ್ಷ ಎಂದು ಬಿಲ್ಲಿನ ಮೇಲೆ ಬರೆಸಿ ಸೀಲ್ ಹಾಕಿಸಿಕೊಳ್ಳಿ. ಹಳೆಯ ರೈಫಲ್ ಒಪ್ಪಿಸಿದ್ದಕ್ಕೆ ರಸೀದಿ ಪಡೆಯುವವರೆಗೂ ಅದನ್ನು ಕೈಬಿಡಬೇಡಿ.